ಕಾರಿನ ಎಂಜಿನ್ ಆಯಿಲ್: ಯಾವಾಗ ಬದಲಾಯಿಸಬೇಕು, ಮನೆಯಲ್ಲೇ ಹೇಗೆ ಬದಲಾಯಿಸಬಹುದು

ಎಂಜಿನ್ ಆಯಿಲ್ ಬದಲಾಯಿಸುವುದಕ್ಕೆ ದೊಡ್ಡ ಕೈಚಳಕವೇನೂ ಬೇಕಾಗಿಲ್ಲ. ಎಂಜಿನ್ನಿನ ತಳದಲ್ಲಿರುವ ಒಂದು ಬೋಲ್ಟ್ ಬಿಚ್ಚಿ ಹಳೆಯ ಆಯಿಲ್ ಇಳಿಸುವುದು, ಫಿಲ್ಟರ್ ಬದಲಾಯಿಸುವುದು, ಬೋಲ್ಟ್ ಮತ್ತೆ ಹಾಕಿ ಮೇಲಿನಿಂದ ಹೊಸ ಆಯಿಲ್ ಸುರಿಯುವುದು, ಇಷ್ಟೇ ಕೆಲಸ. ತಿಳಿವಳಿಕೆ ಬೇಕಾಗುವುದು ಅದರ ಹಿಂದೆ ಮುಂದೆ: ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು, ಯಾವ ಆಯಿಲ್ ಕೊಳ್ಳಬೇಕು, ಕಾರಿನ ಅಡಿಗೆ ಹೋಗುವಾಗ ಏನೇನು ನೋಡಿಕೊಳ್ಳಬೇಕು, ಇಳಿಸಿದ ಕಪ್ಪು ಆಯಿಲನ್ನು ಎಲ್ಲಿಗೆ ಒಯ್ಯಬೇಕು ಎಂಬ ಪ್ರಶ್ನೆಗಳಿಗೆ ಮೊದಲೇ ಉತ್ತರ ಕಂಡುಕೊಂಡಿದ್ದರೆ ಉಳಿದದ್ದು ಒಂದು ಭಾನುವಾರದ ಬೆಳಗಿನ ಕೆಲಸ.

ಇದರಿಂದ ಉಳಿಯುವ ಹಣ ಬಹಳ ದೊಡ್ಡದಲ್ಲ, ಏಕೆಂದರೆ ಖರ್ಚಿನ ಹೆಚ್ಚಿನ ಪಾಲು ಆಯಿಲಿನದೇ ಹೊರತು ಮಜೂರಿಯದ್ದಲ್ಲ. ನಿಜವಾದ ಲಾಭವೆಂದರೆ ಎಂಜಿನ್ನಿಗೆ ಯಾವ ಆಯಿಲ್ ಹೋಯಿತು, ಎಷ್ಟು ಹೋಯಿತು, ಫಿಲ್ಟರ್ ನಿಜಕ್ಕೂ ಹೊಸದೇ ಎಂಬುದು ಕಣ್ಣಾರೆ ಗೊತ್ತಾಗುವುದು, ಅದರ ಜೊತೆಗೆ ವರ್ಷಕ್ಕೊಮ್ಮೆಯಾದರೂ ಕಾರಿನ ತಳಭಾಗವನ್ನು ಹತ್ತಿರದಿಂದ ನೋಡುವ ಅವಕಾಶ ಸಿಗುವುದು. ಆದರೆ ಕಾರು ಇನ್ನೂ ವಾರಂಟಿಯಲ್ಲಿದ್ದರೆ ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಮುಂದೆ ಎಂಜಿನ್ನಿಗೆ ಏನಾದರೂ ಆದಾಗ ಕಂಪನಿಯವರು ಮೊದಲು ಕೇಳುವುದು ಸರ್ವಿಸ್ ದಾಖಲೆಯನ್ನು, ಮನೆಯಲ್ಲಿ ಮಾಡಿದ ಕೆಲಸಕ್ಕೆ ಅಂಥ ದಾಖಲೆ ಇರುವುದಿಲ್ಲ.

ಎಷ್ಟು ಕಿಲೋಮೀಟರಿಗೆ ಒಮ್ಮೆ?

ನಮ್ಮಲ್ಲಿ ಮಾರಾಟವಾಗುವ ಬಹುತೇಕ ಪೆಟ್ರೋಲ್ ಕಾರುಗಳ ಕೈಪಿಡಿಯಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಆಗ ಆಯಿಲ್ ಬದಲಾಯಿಸಿ ಎಂದು ಬರೆದಿರುತ್ತದೆ. ಕೆಲವು ಮಾದರಿಗಳಿಗೆ ಅದು 15,000 ಕಿಲೋಮೀಟರಿನವರೆಗೂ ಇದೆ. ಇನ್ನೊಂದು ಕಡೆ, ಹಳೆಯ ಮೆಕ್ಯಾನಿಕ್‌ಗಳನ್ನು ಕೇಳಿದರೆ ಐದು ಸಾವಿರಕ್ಕೆ ಹಾಕಿಸಿಬಿಡಿ ಸಾರ್ ಎನ್ನುತ್ತಾರೆ. ಎರಡು ಮಾತಿಗೂ ಆಧಾರವಿದೆ. ಐದು ಸಾವಿರದ ಲೆಕ್ಕ ಕಚ್ಚಾ ತೈಲವನ್ನು ಸಂಸ್ಕರಿಸಿ ತೆಗೆದ ಮಿನರಲ್ ಆಯಿಲ್ ಮತ್ತು ಹಳೆಯ ಕಾರ್ಬ್ಯುರೇಟರ್ ಎಂಜಿನ್ನುಗಳ ಕಾಲದ್ದು. ಇಂದಿನ ಸಿಂಥೆಟಿಕ್ ಆಯಿಲ್ ಅದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ಆದರೆ ಕೈಪಿಡಿಯ 10,000 ಕೂಡ ಸಾಮಾನ್ಯ ಬಳಕೆಗೆ ಹೇಳಿದ ಮಾತು. ಅದೇ ಕೈಪಿಡಿಯ ಕೆಲವು ಪುಟಗಳ ಮುಂದೆ ಕಠಿಣ ಬಳಕೆಯ ಪಟ್ಟಿ ಎಂದು ಇನ್ನೊಂದು ಕೋಷ್ಟಕವಿರುತ್ತದೆ, ಅದರಲ್ಲಿ ಅವಧಿ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಪದೇಪದೇ ನಿಂತು ಹೊರಡುವ ಸಂಚಾರ, ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಮುಗಿಯುವ ಸಣ್ಣ ಓಡಾಟ, ಧೂಳಿನ ರಸ್ತೆ, ಭಾರ ಎಳೆಯುವುದು, ಇವೆಲ್ಲ ಆ ಪಟ್ಟಿಯಲ್ಲಿ ಬರುತ್ತವೆ. ನಮ್ಮ ನಗರಗಳಲ್ಲಿ ಓಡುವ ಕಾರುಗಳಲ್ಲಿ ಈ ಎರಡನೆಯ ಕೋಷ್ಟಕಕ್ಕೆ ಸೇರದವು ಎಷ್ಟಿವೆಯೋ!

ಕಿಲೋಮೀಟರಿನ ಲೆಕ್ಕ ಹೇಗೆ ದಾರಿ ತಪ್ಪಿಸುತ್ತದೆ ಎಂಬುದನ್ನು ಗಂಟೆಗಳ ಲೆಕ್ಕದಿಂದ ನೋಡಬಹುದು. ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಗರಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸುಮಾರು 29 ನಿಮಿಷ ಬೇಕಿತ್ತು, ಅಂದರೆ ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಆ ವೇಗದಲ್ಲಿ 10,000 ಕಿಲೋಮೀಟರ್ ಮುಗಿಸುವಷ್ಟರಲ್ಲಿ ಎಂಜಿನ್ 480 ಗಂಟೆಗಿಂತ ಹೆಚ್ಚು ತಿರುಗಿರುತ್ತದೆ. ಅದೇ ಕಾರು ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿಯಲ್ಲಿ ಸರಾಸರಿ ಎಪ್ಪತ್ತರ ವೇಗದಲ್ಲಿ ಅಷ್ಟೇ ದೂರ ಓಡಿದರೆ ಎಂಜಿನ್ ತಿರುಗುವುದು 143 ಗಂಟೆ ಮಾತ್ರ. ಓಡೋಮೀಟರ್ ಎರಡಕ್ಕೂ ಒಂದೇ ಸಂಖ್ಯೆ ತೋರಿಸುತ್ತದೆ, ಆಯಿಲಿನ ಮೇಲೆ ಬಿದ್ದ ದುಡಿಮೆ ಮಾತ್ರ ಮೂರು ಪಟ್ಟಿಗೂ ಹೆಚ್ಚು ವ್ಯತ್ಯಾಸದ್ದು.

ವರ್ಷದ ಮಿತಿಯನ್ನು ಹಲವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೂರು ಸಾವಿರವೂ ಓಡಿಲ್ಲ, ಈಗಲೇ ಏಕೆ ಎಂದು ಕೇಳುವ ನಿವೃತ್ತರ ಕಾರುಗಳೇ ಇಲ್ಲಿ ಹೆಚ್ಚು ಅಪಾಯದಲ್ಲಿರುತ್ತವೆ. ಮನೆಯಿಂದ ದೇವಸ್ಥಾನಕ್ಕೆ, ಅಲ್ಲಿಂದ ತರಕಾರಿ ಅಂಗಡಿಗೆ, ಮತ್ತೆ ಮನೆಗೆ ಎಂದು ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿ ಕೂಲಂಟಿನ (ಎಂಜಿನ್ನನ್ನು ತಂಪಾಗಿಡುವ ದ್ರವದ) ಬಿಸಿ ತೋರಿಸುವ ಮುಳ್ಳು ಮೇಲೇರಿದ್ದರೂ ಆಯಿಲ್ ಇನ್ನೂ ಪೂರ್ತಿ ಕಾದಿರುವುದಿಲ್ಲ. ಆಯಿಲ್ ಕೆಲಸದ ಬಿಸಿಗೆ ಬರಲು ಕೂಲಂಟಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಇಂಧನ ಉರಿದಾಗ ಹುಟ್ಟುವ ನೀರಿನ ಆವಿ ಮತ್ತು ಉರಿಯದೆ ಉಳಿದ ಪೆಟ್ರೋಲಿನ ಅಂಶ ಪಿಸ್ಟನ್ ರಿಂಗ್‌ಗಳ ಸಂದಿನಿಂದ ಕೆಳಗಿಳಿದು ಆಯಿಲಿನಲ್ಲಿ ಸೇರುತ್ತವೆ. ದೂರದ ಪ್ರಯಾಣದಲ್ಲಿ ಅವು ಬಿಸಿಗೆ ಆವಿಯಾಗಿ ಹೋಗುತ್ತವೆ, ಸಣ್ಣ ಓಡಾಟದಲ್ಲಿ ಅಲ್ಲೇ ಉಳಿಯುತ್ತವೆ. ಆಮ್ಲವನ್ನು ತಟಸ್ಥಗೊಳಿಸಲು, ಮಸಿಯನ್ನು ಹಿಡಿದಿಡಲು ಆಯಿಲಿನಲ್ಲಿ ಬೆರೆಸಿದ ರಾಸಾಯನಿಕಗಳು ಹೀಗೆ ಕಿಲೋಮೀಟರ್ ಏರದಿದ್ದರೂ ಖರ್ಚಾಗುತ್ತಲೇ ಇರುತ್ತವೆ.

ಹಾಗಾಗಿ ನನ್ನ ಸಲಹೆ ಹೀಗಿದೆ. ಹೆದ್ದಾರಿಯಲ್ಲೇ ಹೆಚ್ಚು ಓಡುವ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಚಕ್ರ) ಇಲ್ಲದ ಪೆಟ್ರೋಲ್ ಕಾರಿಗೆ ಕೈಪಿಡಿಯ 10,000 ಸರಿಯಾಗಿಯೇ ಇದೆ, ಐದು ಸಾವಿರಕ್ಕೆ ಬದಲಾಯಿಸುವುದು ಹಣ ಚೆಲ್ಲಿದಂತೆ. ನಗರದ ದಟ್ಟಣೆಯಲ್ಲಿ ದಿನವೂ ಕಚೇರಿಗೆ ಹೋಗಿ ಬರುವ ಕಾರಿಗೆ ಏಳು ಸಾವಿರದ ಹತ್ತಿರ ಬಂದಾಗ ಅಥವಾ ವರ್ಷ ತುಂಬಿದಾಗ ಬದಲಾಯಿಸಿದರೆ ಸಾಕು. ಟರ್ಬೊ ಇರುವ ಸಣ್ಣ ಪೆಟ್ರೋಲ್ ಎಂಜಿನ್ನುಗಳಲ್ಲಿ ಮಾತ್ರ ಅವಧಿಯನ್ನು ಎಂದಿಗೂ ಎಳೆಯಬಾರದು. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊ ದಂಡವನ್ನು ಬಿಸಿ ನಿಷ್ಕಾಸ ಅನಿಲದ ಪಕ್ಕದಲ್ಲೇ ಕಾಪಾಡಬೇಕಾದದ್ದು ಇದೇ ಆಯಿಲ್. ಸಂಡೂರಿನ ಅದಿರು ಲಾರಿಗಳ ದಾರಿಯಲ್ಲೋ ಕಲ್ಲುಕ್ವಾರಿಯ ಪಕ್ಕದ ಮಣ್ಣುರಸ್ತೆಯಲ್ಲೋ ದಿನವೂ ಓಡಿಸುವವರು, ಹಾಗೆಯೇ ಸಣ್ಣ ಓಡಾಟಗಳನ್ನು ಬಿಟ್ಟರೆ ಬೇರೆ ಬಳಕೆಯೇ ಇಲ್ಲದವರು ಕಠಿಣ ಬಳಕೆಯ ಕೋಷ್ಟಕವನ್ನೇ ಅಕ್ಷರಶಃ ಪಾಲಿಸಲಿ. ಧೂಳಿನವರು ಏರ್ ಫಿಲ್ಟರನ್ನೂ ಮರೆಯಬಾರದು, ಆಯಿಲಿಗೆ ಧೂಳು ಸೇರುವುದೇ ಆ ದಾರಿಯಿಂದ.

ಆಯಿಲಿನ ಬಣ್ಣ ನೋಡಿ ತೀರ್ಮಾನಿಸುವುದು ಸರಿಯಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವೇ ನೂರು ಕಿಲೋಮೀಟರಿನೊಳಗೆ ಕಾಡಿಗೆಯಂತೆ ಕಪ್ಪಾಗುತ್ತದೆ; ಅದು ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಂಡಿದೆ ಎಂಬುದರ ಗುರುತು, ಹಾಳಾಗಿದೆ ಎಂಬುದರ ಗುರುತಲ್ಲ. ಆಯಿಲಿನ ಮಟ್ಟ ಅಳೆಯುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ಕನ್ನು ಎಳೆದಾಗ ನೋಡಬೇಕಾದದ್ದು ಬೇರೆ: ಮಟ್ಟ ಕೆಳಗಿನ ಗುರುತಿಗಿಂತ ಇಳಿದಿದೆಯೇ, ಪೆಟ್ರೋಲಿನ ವಾಸನೆ ಜೋರಾಗಿ ಬರುತ್ತದೆಯೇ, ಲೋಹದ ಹೊಳಪಿನ ಕಣಗಳಿವೆಯೇ, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದೆಯೇ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ತೆಳುವಾದ ಬಿಳಿ ನೊರೆಯಿದ್ದರೆ ಅದು ಮಳೆಗಾಲದಲ್ಲಿ ಸಣ್ಣ ಓಡಾಟದಿಂದ ಕೂಡಿದ ತೇವ ಇರಬಹುದು. ಡಿಪ್‌ಸ್ಟಿಕ್ಕಿನ ಆಯಿಲೇ ಹಾಗಾಗಿದ್ದರೆ ಕೂಲಂಟ್ ಒಳಗೆ ಸೋರುತ್ತಿದೆ ಎಂದೇ ಭಾವಿಸಿ ಕಾರನ್ನು ಓಡಿಸದೆ ಗ್ಯಾರೇಜಿಗೆ ಸಾಗಿಸಬೇಕು. ಬಿಎಸ್6 ಹೊಗೆ ಮಾನದಂಡದ ಡೀಸೆಲ್ ಕಾರುಗಳಲ್ಲಿ ಆಯಿಲಿನ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಅದೂ ಎಚ್ಚರಿಕೆಯೇ: ಹೊಗೆಯ ಮಸಿಯನ್ನು ಸುಡುವ ಫಿಲ್ಟರಿನ ಪ್ರಕ್ರಿಯೆ ಅರ್ಧಕ್ಕೆ ನಿಲ್ಲುತ್ತಿರುವುದರಿಂದ ಡೀಸೆಲ್ ಆಯಿಲಿಗೆ ಸೇರುತ್ತಿರಬಹುದು.

ಯಾವ ಆಯಿಲ್?

ಡಬ್ಬಿಯ ಮೇಲೆ ನೋಡಬೇಕಾದದ್ದು ಎರಡು ಗುರುತು. ಮೊದಲನೆಯದು 0ಡಬ್ಲ್ಯು-20, 5ಡಬ್ಲ್ಯು-30 ಎಂಬಂಥ ದರ್ಜೆ. ಡಬ್ಲ್ಯು ಜೊತೆಗಿರುವ ಸಂಖ್ಯೆ ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನೂ, ಕೊನೆಯ ಸಂಖ್ಯೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆಯನ್ನೂ, ಅಂದರೆ ಎಷ್ಟು ಗಟ್ಟಿ ಎಂಬುದನ್ನೂ ಸೂಚಿಸುತ್ತದೆ. ನಮ್ಮದು ಸೆಖೆಯ ಊರು, ಗಟ್ಟಿ ಆಯಿಲೇ ಬೇಕು ಎಂಬ ವಾದ ಅಂಗಡಿಗಳಲ್ಲಿ ಆಗಾಗ ಕೇಳಿಬರುತ್ತದೆ. 0ಡಬ್ಲ್ಯು ಆಯಿಲನ್ನು ಪರೀಕ್ಷಿಸುವುದು ಮೈನಸ್ 35 ಡಿಗ್ರಿಯಲ್ಲಿ. ಆ ಲೆಕ್ಕದಲ್ಲಿ ಮಡಿಕೇರಿಯ ಚಳಿಗೂ ಕಲಬುರಗಿಯ ಬೇಸಿಗೆಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಎಂಜಿನ್ ಬಿಸಿಯಾದ ಮೇಲಂತೂ ಅದರ ಉಷ್ಣತೆಯನ್ನು ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ನಿಯಂತ್ರಿಸುತ್ತವೆ, ಹೊರಗಿನ ಹವೆಯ ಪಾತ್ರ ಚಿಕ್ಕದು. 0ಡಬ್ಲ್ಯು-20ಕ್ಕೆಂದೇ ರೂಪಿಸಿದ ಎಂಜಿನ್ನಿನ ಸಂದುಗಳು ಮತ್ತು ಪಂಪು ಆ ತೆಳುವಿಗೆ ಹೊಂದಿಕೊಂಡಿರುತ್ತವೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಹಾಕಬೇಕು. ಒಂದಕ್ಕಿಂತ ಹೆಚ್ಚು ದರ್ಜೆಗೆ ಕೈಪಿಡಿಯೇ ಅನುಮತಿ ಕೊಟ್ಟಿದ್ದರೆ ಮಾತ್ರ ಆಯ್ಕೆಯ ಪ್ರಶ್ನೆ ಬರುತ್ತದೆ.

ಎರಡನೆಯದು ಗುಣಮಟ್ಟದ ಗುರುತು. ಪೆಟ್ರೋಲ್ ಕಾರುಗಳಿಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ ಎಸ್‌ಎನ್, ಎಸ್‌ಪಿ ಎಂಬ ಅಕ್ಷರಗಳಿರುತ್ತವೆ. 2020ರಲ್ಲಿ ಬಂದ ಎಸ್‌ಪಿ ಇವೆರಡರಲ್ಲಿ ಹೊಸದು, ಹಳೆಯ ದರ್ಜೆ ಕೇಳುವ ಪೆಟ್ರೋಲ್ ಎಂಜಿನ್ನಿಗೂ ಅದನ್ನು ಬಳಸಬಹುದು. ನೇರ ಇಂಜೆಕ್ಷನ್ ಇರುವ ಟರ್ಬೊ ಪೆಟ್ರೋಲ್ ಎಂಜಿನ್ನುಗಳು ಕಡಿಮೆ ವೇಗದಲ್ಲಿ ಹೆಚ್ಚು ಎಳೆಯುವಾಗ ಇಂಧನ ಅಕಾಲದಲ್ಲಿ ಹೊತ್ತಿಕೊಳ್ಳುವ ತೊಂದರೆಯನ್ನು ತಡೆಯುವ ಪರೀಕ್ಷೆ ಎಸ್‌ಪಿಯಲ್ಲಿ ಸೇರಿದೆ, ಅಂಥ ಕಾರಿನವರು ಇದಕ್ಕಿಂತ ಕೆಳಗಿನದನ್ನು ಕೊಳ್ಳದಿರುವುದು ಒಳ್ಳೆಯದು. ಬಿಎಸ್6 ಡೀಸೆಲ್ ಕಾರುಗಳಿಗೆ ಕಡಿಮೆ ಬೂದಿ ಬಿಡುವ ಆಯಿಲೇ ಬೇಕು, ಕೈಪಿಡಿ ಯುರೋಪಿನ ಕಾರು ತಯಾರಕರ ಸಂಘದ ಎಸಿಇಎ ಸಿ3 ಅಥವಾ ಅಂಥದ್ದೇ ಬೇರೆ ಗುರುತನ್ನು ಹೇಳಿರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಲಾರಿ ಆಯಿಲ್ ಹಾಕಿದರೆ ಮಸಿಯ ಫಿಲ್ಟರ್ ಬೂದಿಯಿಂದ ಕಟ್ಟಿಕೊಳ್ಳುತ್ತದೆ. ಬೈಕಿನ ಆಯಿಲ್ ಕಾರಿಗಲ್ಲ. ಎಂಜಿನ್ ಫ್ಲಷ್, ಮೇಲಿಂದ ಸೇರಿಸುವ ಔಷಧದ ಬಾಟಲಿ, ಇವು ಯಾವುವೂ ಸಮಯಕ್ಕೆ ಸರಿಯಾಗಿ ಆಯಿಲ್ ಬದಲಾಯಿಸುವ ಕಾರಿಗೆ ಬೇಕಿಲ್ಲ.

ನಕಲಿ ಆಯಿಲಿನ ಹಾವಳಿ ನಮ್ಮಲ್ಲಿ ಕಡಿಮೆಯಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಊರಿನ ಬಿಡಿಭಾಗದ ಅಂಗಡಿಯಲ್ಲಾಗಲಿ ಕಂಪನಿಯ ಅಧಿಕೃತ ಮಾರಾಟಗಾರರಿಂದಲೇ ಬಿಲ್ಲಿನೊಂದಿಗೆ ಕೊಳ್ಳುವುದು, ಮುಚ್ಚಳದ ಸೀಲು ಮತ್ತು ಅದರ ಕೆಳಗಿನ ತಗಡಿನ ಪೊರೆ ಹರಿಯದೆ ಇವೆಯೇ, ಬ್ಯಾಚ್ ಸಂಖ್ಯೆ ಸ್ಪಷ್ಟವಾಗಿದೆಯೇ ಎಂದು ನೋಡುವುದು ಅಗತ್ಯ. ಕೆಲಸ ಮುಗಿದ ಮೇಲೆ ಖಾಲಿ ಡಬ್ಬಿಯ ತಳಕ್ಕೆ ಮೊಳೆಯಿಂದ ಎರಡು ತೂತು ಹೊಡೆದು ಲೇಬಲ್ ಹರಿದು ಹಾಕಬೇಕು, ಏಕೆಂದರೆ ಗುಜರಿಗೆ ಹೋದ ಒಳ್ಳೆಯ ಡಬ್ಬಿಗಳೇ ನಕಲಿ ಆಯಿಲ್ ತುಂಬಿಕೊಂಡು ಮತ್ತೆ ಅಂಗಡಿಗೆ ಬರುತ್ತವೆ.

ಪ್ರಮಾಣವನ್ನೂ ಕೈಪಿಡಿಯಲ್ಲಿ ನೋಡಿಕೊಂಡೇ ಕೊಳ್ಳಬೇಕು. ಸಣ್ಣ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆ ಲೀಟರ್ ಸಾಕು, ದೊಡ್ಡ ಡೀಸೆಲ್ ಎಂಜಿನ್ನಿಗೆ ಆರೇಳು ಲೀಟರ್ ಬೇಕಾಗಬಹುದು. ಕೈಪಿಡಿಯಲ್ಲಿ ಫಿಲ್ಟರ್ ಬದಲಾಯಿಸಿದಾಗ ಇಷ್ಟು, ಬದಲಾಯಿಸದಿದ್ದರೆ ಇಷ್ಟು ಎಂದು ಎರಡು ಅಂಕಿಗಳಿದ್ದರೆ ನಮಗೆ ಬೇಕಾದದ್ದು ಮೊದಲನೆಯದು. ಹಳೆಯ ಫಿಲ್ಟರನ್ನು ಉಳಿಸಿಕೊಂಡು ಆಯಿಲ್ ಮಾತ್ರ ಬದಲಾಯಿಸುವ ಉಳಿತಾಯಕ್ಕೆ ಅರ್ಥವಿಲ್ಲ.

ಕಾರಿನ ಅಡಿಗೆ ಹೋಗುವ ಮೊದಲು

ಬೇಕಾಗುವ ಸಾಮಾನುಗಳು ಹೆಚ್ಚೇನಿಲ್ಲ: ಡ್ರೈನ್ ಬೋಲ್ಟಿಗೆ ಸರಿಹೊಂದುವ ರಿಂಗ್ ಸ್ಪ್ಯಾನರ್ ಅಥವಾ ಬಾಕ್ಸ್ ಸ್ಪ್ಯಾನರ್, ಸಾಧ್ಯವಾದರೆ ಎಷ್ಟು ಬಿಗಿಯಾಯಿತೆಂದು ಅಳೆಯುವ ಒಂದು ಟಾರ್ಕ್ ರೆಂಚ್, ಫಿಲ್ಟರ್ ಬಿಚ್ಚುವ ರೆಂಚ್, ಎಂಜಿನ್ನಿನ ಆಯಿಲ್ ಪೂರ್ತಿ ಹಿಡಿಯುವ ಅಗಲವಾದ ಟಬ್ಬು, ಆಲಿಕೆ, ಕೈಗವಸು, ಬನಿಯನ್ ವೇಸ್ಟ್, ನೆಲಕ್ಕೆ ಹಾಸಲು ಹಳೆಯ ಪತ್ರಿಕೆ ಮತ್ತು ರಟ್ಟು. ಫಿಲ್ಟರಿನ ಜೊತೆಗೆ ಡ್ರೈನ್ ಬೋಲ್ಟಿನ ಹೊಸ ವಾಷರ್ ಕೇಳಿ ತರಬೇಕು. ಕೆಲವೇ ರೂಪಾಯಿಯ ಈ ವಸ್ತುವನ್ನು ಹೆಚ್ಚಿನವರು ಮರೆಯುತ್ತಾರೆ. ಬಾಯಿ ತೆರೆದ ಡಬಲ್ ಎಂಡ್ ಸ್ಪ್ಯಾನರ್ ಇಲ್ಲಿ ಬೇಡ, ಅದು ಜಾರಿ ಬೋಲ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ.

ಇಡೀ ಕೆಲಸದಲ್ಲಿ ಪ್ರಾಣಕ್ಕೆ ಅಪಾಯವಿರುವುದು ಒಂದೇ ಹಂತದಲ್ಲಿ, ಕಾರನ್ನು ಎತ್ತಿ ಅದರ ಅಡಿಗೆ ಹೋಗುವಾಗ. ಡಿಕ್ಕಿಯಲ್ಲಿ ಕೊಟ್ಟಿರುವ ಜಾಕ್ ಟೈರು ಬದಲಾಯಿಸುವುದಕ್ಕೆ ಮಾತ್ರ. ಜಾಕಿನ ಮೇಲೆ ಮಾತ್ರ ನಿಂತಿರುವ ಕಾರಿನ ಅಡಿಗೆ ತಲೆಯನ್ನಾಗಲಿ ಕೈಯನ್ನಾಗಲಿ ಎಂದೂ ಹಾಕಬಾರದು. ಗಟ್ಟಿಯಾದ, ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಹಿಂದಿನ ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡಗಲ್ಲು ಕೊಟ್ಟು, ಮುಂಭಾಗವನ್ನು ಎತ್ತಿ, ಕೈಪಿಡಿ ತೋರಿಸಿದ ಜಾಗಗಳಲ್ಲಿ ಎರಡು ಜಾಕ್ ಸ್ಟ್ಯಾಂಡ್ ಇಟ್ಟು ಅವುಗಳ ಮೇಲೆ ಭಾರ ಇಳಿಸಿ, ಕಾರನ್ನು ಪಕ್ಕದಿಂದ ಗಟ್ಟಿಯಾಗಿ ತಳ್ಳಿ ನೋಡಿ ಅಲುಗುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಮುಂದಿನ ಹೆಜ್ಜೆ. ಸ್ಟ್ಯಾಂಡಿಗೆ ಬದಲಾಗಿ ಇಟ್ಟಿಗೆ ಪೇರಿಸುವುದು, ಮನೆ ಕಟ್ಟಿ ಉಳಿದ ಟೊಳ್ಳು ಸಿಮೆಂಟ್ ಬ್ಲಾಕ್ ಇಡುವುದು ಕೂಡದು. ಅಂಥ ಬ್ಲಾಕ್ ಯಾವ ಸೂಚನೆಯನ್ನೂ ಕೊಡದೆ ಒಮ್ಮೆಲೇ ಪುಡಿಯಾಗುತ್ತದೆ. ಮುಂದಿನ ಚಕ್ರಗಳನ್ನು ಹತ್ತಿಸುವ ಉಕ್ಕಿನ ರ‍್ಯಾಂಪ್ ಜೋಡಿ ಇದ್ದರೆ ಕೆಲಸ ಇನ್ನೂ ಸುಲಭ. ನೆಲದಿಂದ ಹೆಚ್ಚು ಎತ್ತರವಿರುವ ಎಸ್‌ಯುವಿಗಳಲ್ಲಿ ಕಾರನ್ನು ಎತ್ತದೆಯೇ ಬೋಲ್ಟಿಗೆ ಕೈ ತಲುಪುವುದುಂಟು.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಈ ಕೆಲಸಕ್ಕೆ ಸಂಘದವರು ಒಪ್ಪದಿರುವುದೇ ಹೆಚ್ಚು; ನೆಲದ ಮೇಲೆ ಬಿದ್ದ ಆಯಿಲ್ ಕಲೆ ಹೋಗುವುದಿಲ್ಲವಾದ್ದರಿಂದ ಅವರ ಮಾತನ್ನು ತಪ್ಪೆನ್ನುವಂತಿಲ್ಲ.

ಆಯಿಲ್ ಇಳಿಸುವುದು, ತುಂಬುವುದು

ಎಂಜಿನ್ನನ್ನು ಮೂರ್ನಾಲ್ಕು ನಿಮಿಷ ಚಾಲೂ ಮಾಡಿ ಆಯಿಲ್ ಬೆಚ್ಚಗಾದ ಮೇಲೆ ನಿಲ್ಲಿಸಿ ಹತ್ತು ನಿಮಿಷ ಬಿಡಬೇಕು. ಬೆಚ್ಚಗಿನ ಆಯಿಲ್ ಬೇಗ ಹರಿಯುತ್ತದೆ, ಕೆಳಗೆ ಕೂತ ಕಸರನ್ನೂ ಜೊತೆಗೆ ತರುತ್ತದೆ. ಆದರೆ ಊರಿಂದ ಬಂದ ಕೂಡಲೇ ಬೋಲ್ಟ್ ಬಿಚ್ಚಿದರೆ ಕೈ ಸುಡುವುದು ಖಂಡಿತ. ಬಾನೆಟ್ ಎತ್ತಿ ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿ ಡಿಪ್‌ಸ್ಟಿಕ್ಕನ್ನು ಸ್ವಲ್ಪ ಎಳೆದಿಟ್ಟರೆ ಗಾಳಿಯಾಡಿ ಆಯಿಲ್ ಸರಾಗವಾಗಿ ಇಳಿಯುತ್ತದೆ.

ಕೆಲವು ಕಾರುಗಳಲ್ಲಿ ತಳದ ಪ್ಲಾಸ್ಟಿಕ್ ಹೊದಿಕೆಯನ್ನು ಮೊದಲು ತೆಗೆಯಬೇಕಾಗುತ್ತದೆ. ಅದರ ಮೇಲೆ ಕಾಣುವುದು ಗ್ಯಾರೇಜಿನವರು ಚೇಂಬರ್ ಎಂದು ಕರೆಯುವ ಆಯಿಲ್ ತೊಟ್ಟಿ, ಅದರ ತಗ್ಗಿನ ಭಾಗದಲ್ಲಿ ಡ್ರೈನ್ ಬೋಲ್ಟ್. ಗೇರ್‌ಬಾಕ್ಸಿಗೂ ಇಂಥದ್ದೇ ಒಂದು ಬೋಲ್ಟ್ ಪಕ್ಕದಲ್ಲೇ ಇರುತ್ತದೆ. ಅದನ್ನು ಬಿಚ್ಚಿ ಗೇರ್ ಆಯಿಲ್ ಇಳಿಸಿ, ಎಂಜಿನ್ನಿಗೆ ಹಳೆಯ ಆಯಿಲಿನ ಮೇಲೆಯೇ ಹೊಸದನ್ನು ಸುರಿದವರಿದ್ದಾರೆ. ಸಂದೇಹವಿದ್ದರೆ ಕೈಪಿಡಿಯ ಚಿತ್ರದೊಂದಿಗೆ ಹೋಲಿಸಿ ನೋಡಬೇಕು. ಟಬ್ಬನ್ನು ಬೋಲ್ಟಿನ ನೇರ ಕೆಳಗಲ್ಲದೆ ಸ್ವಲ್ಪ ಮುಂದಕ್ಕೂ ಚಾಚುವಂತೆ ಇಡಬೇಕು, ಏಕೆಂದರೆ ಮೊದಲ ಧಾರೆ ಓರೆಯಾಗಿ ಚಿಮ್ಮುತ್ತದೆ. ಸ್ಪ್ಯಾನರಿನಿಂದ ಸಡಿಲಿಸಿದ ಬೋಲ್ಟನ್ನು ಉಳಿದಂತೆ ಬೆರಳಿನಿಂದಲೇ ತಿರುಗಿಸುತ್ತ, ಬಿಚ್ಚುವಾಗಲೂ ಅದನ್ನು ಮೇಲಕ್ಕೆ ಒತ್ತಿ ಹಿಡಿದಿದ್ದು, ಕೊನೆಯ ಸುತ್ತು ಕಳಚಿತೆಂದು ಬೆರಳಿಗೆ ತಿಳಿದ ಕ್ಷಣ ಪಕ್ಕಕ್ಕೆ ಸರಿಸಿದರೆ ಬೋಲ್ಟ್ ಟಬ್ಬಿಗೆ ಬೀಳುವುದಿಲ್ಲ, ಮೊಣಕೈವರೆಗೆ ಆಯಿಲ್ ಇಳಿಯುವುದೂ ಇಲ್ಲ. ಧಾರೆ ತೆಳುವಾಗಿ, ಎಳೆಯಾಗಿ, ಕೊನೆಗೆ ತೊಟ್ಟಿಕ್ಕುವ ಹಂತಕ್ಕೆ ಬರಲು ಹತ್ತು ಹದಿನೈದು ನಿಮಿಷ ಬೇಕು.

ಆ ಹೊತ್ತಿನಲ್ಲಿ ಬೋಲ್ಟನ್ನು ಒರೆಸಿ, ಹಳೆಯ ವಾಷರ್ ತೆಗೆದು ಹೊಸದನ್ನು ಹಾಕಬಹುದು. ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ಈ ವಾಷರ್ ಒಮ್ಮೆ ಅದುಮಿಕೊಂಡ ಮೇಲೆ ಎರಡನೆಯ ಸಲ ಸರಿಯಾಗಿ ಕೂರುವುದಿಲ್ಲ. ತೊಟ್ಟಿಕ್ಕುವುದು ನಿಂತ ಮೇಲೆ ರಂಧ್ರದ ಸುತ್ತ ಒರೆಸಿ ಬೋಲ್ಟನ್ನು ಕೈಯಿಂದಲೇ ತಿರುಗಿಸಿ ಪೂರ್ತಿ ಕೂರಿಸಬೇಕು; ಬೆರಳಿಗೆ ಬಿಗಿಯೆನಿಸಿದರೆ ಥ್ರೆಡ್ ಓರೆಯಾಗಿ ಕೂತಿದೆ ಎಂದರ್ಥ, ಬಿಚ್ಚಿ ಮತ್ತೆ ಹಾಕಬೇಕು. ಅನಂತರ ಟಾರ್ಕ್ ರೆಂಚಿನಿಂದ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿ ಕೊಡಬೇಕು. ಸಣ್ಣ ಕಾರುಗಳಿಗೆ ಇದು ಹಲವು ಸಲ 30ರಿಂದ 40 ನ್ಯೂಟನ್ ಮೀಟರಿನ ನಡುವೆ ಇರುತ್ತದೆ, ಅಂದರೆ ನಾವು ಅಂದಾಜಿಸುವುದಕ್ಕಿಂತ ಕಡಿಮೆ. ಮನೆಯಲ್ಲಿ ಈ ಕೆಲಸ ಮಾಡುವವರು ಕೆಡಿಸುವುದು ಸಡಿಲ ಬಿಟ್ಟು ಅಷ್ಟಲ್ಲ, ಸೋರಬಾರದೆಂದು ಮೈಭಾರವನ್ನೆಲ್ಲ ಹಾಕಿ ಬಿಗಿದು. ಅಲ್ಯೂಮಿನಿಯಮ್ ಚೇಂಬರಿನ ಥ್ರೆಡ್ ಹೋದರೆ ಉಳಿಸಿದ ಮಜೂರಿಯ ಹಲವು ಪಟ್ಟು ಖರ್ಚು ಕಾದಿರುತ್ತದೆ.

ಫಿಲ್ಟರಿನಲ್ಲಿ ಎರಡು ಬಗೆ. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿರುವುದು ಡಬ್ಬಿಯಾಕಾರದ, ತಿರುಗಿಸಿ ಹಾಕುವ ಫಿಲ್ಟರ್. ಒಂದು ಕಾಲದಲ್ಲಿ ಸ್ವಿಫ್ಟ್‌ನಂಥ ಹಲವು ಕಾರುಗಳಲ್ಲಿ ಬಂದ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ನಿನಲ್ಲಿ ಪ್ಲಾಸ್ಟಿಕ್ ಗೂಡಿನೊಳಗೆ ಕೂರುವ ಕಾಗದದ ಫಿಲ್ಟರ್ ಇದೆ, ಅಂಥದ್ದಕ್ಕೆ ಗೂಡಿನ ರಬ್ಬರ್ ರಿಂಗನ್ನೂ ಬದಲಾಯಿಸಬೇಕು. ಡಬ್ಬಿ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಫಿಲ್ಟರಿನೊಂದಿಗೇ ಬಂದಿದೆಯೇ ಎಂದು ನೋಡುವುದು ಬಹಳ ಮುಖ್ಯ. ಕೆಲವೊಮ್ಮೆ ಅದು ಎಂಜಿನ್ನಿಗೆ ಅಂಟಿಕೊಂಡು ಉಳಿಯುತ್ತದೆ; ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್‌ಗಳ ನಡುವಿನಿಂದ ಒತ್ತಡದ ಆಯಿಲ್ ಚಿಮ್ಮಿ ಕೆಲವೇ ನಿಮಿಷಗಳಲ್ಲಿ ಎಂಜಿನ್ ಬರಿದಾಗಬಹುದು. ಹೊಸ ಫಿಲ್ಟರಿನ ರಿಂಗಿಗೆ ಬೆರಳ ತುದಿಯಿಂದ ಹೊಸ ಆಯಿಲ್ ಸವರಿ, ರಿಂಗ್ ಎಂಜಿನ್ನಿಗೆ ತಾಗುವವರೆಗೆ ತಿರುಗಿಸಿ, ಅಲ್ಲಿಂದ ಮುಂದೆ ಮುಕ್ಕಾಲು ಸುತ್ತು ಅಥವಾ ಫಿಲ್ಟರಿನ ಮೇಲೆ ಮುದ್ರಿಸಿದಷ್ಟು ಬಿಗಿದರೆ ಸಾಕು. ರೆಂಚ್ ಬಿಚ್ಚುವುದಕ್ಕೆ, ಹಾಕುವಾಗ ಕೈಯೇ ಸಾಕು.

ಕಾರನ್ನು ನೆಲಕ್ಕಿಳಿಸಿ ಆಲಿಕೆಯಿಂದ ಆಯಿಲ್ ಹಾಕುವಾಗ ಹೇಳಿದ ಪ್ರಮಾಣಕ್ಕಿಂತ ಕಾಲು ಲೀಟರ್ ಕಡಿಮೆ ಹಾಕಿ ನಿಲ್ಲಿಸಬೇಕು. ಮುಚ್ಚಳ ಹಾಕಿ, ಡಿಪ್‌ಸ್ಟಿಕ್ ಒಳಗೆ ಒತ್ತಿ, ಎಂಜಿನ್ ಚಾಲೂ ಮಾಡಿದಾಗ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ತಕ್ಷಣ ನಿಲ್ಲಿಸಬೇಕು, ಆಕ್ಸಿಲರೇಟರ್ ಒತ್ತಿ ನೋಡುವ ಪ್ರಯೋಗ ಬೇಡ. ದೀಪ ಆರಿದ ಮೇಲೆ ಒಂದೆರಡು ನಿಮಿಷ ಹಾಗೇ ಬಿಟ್ಟು, ಕಾರಿನ ಅಡಿಗೆ ಹೋಗದೆ ಹೊರಗಿನಿಂದಲೇ ಬಗ್ಗಿ ಟಾರ್ಚ್ ಹಾಕಿ ಬೋಲ್ಟ್ ಮತ್ತು ಫಿಲ್ಟರಿನ ಸುತ್ತ ಜಿನುಗು ಇದೆಯೇ ನೋಡಬೇಕು. ಎಂಜಿನ್ ನಿಲ್ಲಿಸಿ ಐದು ನಿಮಿಷದ ನಂತರ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಪೂರ್ತಿ ತೂರಿಸಿ ಎಳೆದಾಗ ಕಾಣುವ ಗುರುತೇ ನಿಜವಾದ ಮಟ್ಟ. ಮೇಲಿನ ಗುರುತಿಗೆ ಸ್ವಲ್ಪ ಕೆಳಗೆ ಬರುವವರೆಗೆ ಚೂರುಚೂರೇ ಸೇರಿಸಬೇಕು. ಆಯಿಲ್ ಹೆಚ್ಚಾದರೆ ಒಳ್ಳೆಯದೇ ಎಂಬ ನಂಬಿಕೆ ತಪ್ಪು: ಮಟ್ಟ ಮಿತಿಮೀರಿದರೆ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್ ಅದನ್ನು ಕಡೆದು ನೊರೆಯೆಬ್ಬಿಸುತ್ತದೆ, ನೊರೆಯಿಂದ ಒತ್ತಡ ಕುಸಿಯುತ್ತದೆ. ಮರುದಿನ ಬೆಳಿಗ್ಗೆ ಕಾರು ಹೊರಡಿಸುವ ಮೊದಲು ಇನ್ನೊಮ್ಮೆ ಮಟ್ಟವನ್ನೂ ನೆಲವನ್ನೂ ನೋಡಿ, ದಿನಾಂಕ, ಕಿಲೋಮೀಟರ್, ಆಯಿಲಿನ ದರ್ಜೆಯನ್ನು ಬರೆದಿಟ್ಟು ಬಿಲ್ಲನ್ನು ಅದರೊಂದಿಗೆ ಸೇರಿಸಿಡಬೇಕು. ಸರ್ವಿಸ್ ನೆನಪಿಸುವ ಸೂಚನೆ ಇರುವ ಕಾರಾದರೆ ಅದನ್ನೂ ರೀಸೆಟ್ ಮಾಡಬೇಕು.

ಹಳೆಯ ಆಯಿಲ್

ಹಳ್ಳಿಗಳಲ್ಲಿ ಕಪ್ಪು ಆಯಿಲಿಗೆ ಬೇಡಿಕೆ ಬಹಳ. ಗೆದ್ದಲು ಹಿಡಿಯದಂತೆ ಬೇಲಿಗೂಟಕ್ಕೆ ಬಳಿಯುತ್ತಾರೆ, ಮೋಲ್ಡ್ ಹಾಕುವ ಮೊದಲು ಸೆಂಟ್ರಿಂಗ್ ಹಲಗೆಗೆ ಸವರುತ್ತಾರೆ, ಬಾಣಲೆಯೊಲೆಗೆ ಉರುವಲಾಗಿ ಸುರಿಯುವವರೂ ಇದ್ದಾರೆ. ಬಳಸಿದ ಆಯಿಲಿನಲ್ಲಿ ಸವೆದ ಲೋಹದ ಕಣಗಳೂ, ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಹಾನಿ ಮಾಡುವ, ಕ್ಯಾನ್ಸರಿಗೂ ಕಾರಣವಾಗಬಲ್ಲ ಸಂಯುಕ್ತಗಳೂ ಇರುವುದರಿಂದ ಈ ಮೂರೂ ಬಳಕೆ ಸಲ್ಲದು. ಚರಂಡಿಗೆ ಸುರಿಯುವುದರ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಒಂದು ಸಲದ ಬದಲಾವಣೆಯಲ್ಲಿ ಬರುವ ಹಳೆಯ ಆಯಿಲ್ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ.

ಭಾರತದಲ್ಲಿ ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. 2023ರ ತಿದ್ದುಪಡಿಯ ಪ್ರಕಾರ 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸುವ ಮತ್ತು ಆಮದು ಮಾಡುವ ಕಂಪನಿಗಳೇ ಹಳೆಯ ಆಯಿಲಿನ ಮರುಬಳಕೆಯ ಹೊಣೆ ಹೊರಬೇಕಾಗಿದೆ. ಇದನ್ನು ಸಂಸ್ಕರಿಸಿ ಮತ್ತೆ ಮೂಲ ಆಯಿಲ್ ತಯಾರಿಸಬಹುದಾದ್ದರಿಂದ ಇದಕ್ಕೆ ಬೆಲೆಯೂ ಇದೆ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಸಂಸ್ಕರಣಾ ಘಟಕಗಳಿಗೆ ಸರ್ವಿಸ್ ಸ್ಟೇಷನ್ನುಗಳಿಂದ ಡ್ರಮ್ಮುಗಟ್ಟಲೆ ಹೋಗುತ್ತದೆ. ಮನೆಯಲ್ಲಿ ಇಳಿಸಿದ ಮೂರು ಲೀಟರನ್ನೂ ಅದೇ ದಾರಿಗೆ ಸೇರಿಸಬೇಕು: ಟಬ್ಬಿನಿಂದ ಬಿಗಿ ಮುಚ್ಚಳದ ಕ್ಯಾನಿಗೆ ಸುರಿದು, ನೀರು, ಕೂಲಂಟ್, ಬ್ರೇಕ್ ಆಯಿಲ್ ಯಾವುದನ್ನೂ ಬೆರೆಸದೆ, ಮೇಲೆ ದೊಡ್ಡದಾಗಿ ಹಳೆಯ ಆಯಿಲ್ ಎಂದು ಬರೆದು, ಡ್ರಮ್ಮು ಇಟ್ಟಿರುವ ಸರ್ವಿಸ್ ಸ್ಟೇಷನ್ನಿನಲ್ಲಿ ಮೊದಲೇ ಕೇಳಿಕೊಂಡು ಒಪ್ಪಿಸಬಹುದು. ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿದರೆ ಯಾರು ತೆಗೆದುಕೊಳ್ಳುತ್ತಾರೆ ಎಂಬುದನ್ನು ಅವರೇ ಹೇಳುತ್ತಾರೆ. ಫಿಲ್ಟರಿನೊಳಗೂ ಆಯಿಲ್ ಉಳಿದಿರುವುದರಿಂದ ಅದನ್ನು ಒಂದು ರಾತ್ರಿ ಟಬ್ಬಿನ ಮೇಲೆ ಬೋರಲು ಹಾಕಿಟ್ಟು, ಕ್ಯಾನಿನ ಜೊತೆಗೇ ಕೊಟ್ಟುಬರಬೇಕು.